ಎರಡು ಗೆಣ್ಣು ಹತ್ತಿರ

ಸೊಲ್ಲಾಪುರದಿಂದ ಶಾಖ ಕೊಡುವ ಆ ಕೆಂಪು ದೀಪ ಮಟಕಿ ಊರಿನ ಮನೆಗೆ ಬಂದ ದಿನ ಸುಭದ್ರಾಬಾಯಿಗೆ ಮೊದಲು ಸಿಟ್ಟು ಬಂದದ್ದು ದೀಪದ ಮೇಲಲ್ಲ, ಅದರ ತಲೆಗೆ ಹೊದಿಸಿದ ಬಟ್ಟೆಯ ಮೇಲೆ. ಮಠದ ಸ್ವಾಮಿಗಳು ಮನೆಗೆ ಬಂದಾಗ ದಿಂಬಿಗೆ ಹಾಸಲೆಂದು ಎರಡು ಬೇಸಿಗೆ ಕೂತು ಅವಳೇ ಕಸೂತಿ ಹಾಕಿದ ಬಟ್ಟೆ ಅದು. ಅತ್ತೆ ಶಾರದಾಬಾಯಿ ಅದನ್ನು ಪೆಟ್ಟಿಗೆಯಿಂದ ತೆಗೆಸಿ, "ಹೊಸಾ ಸಾಮಾನು, ಧೂಳ ಕೂಡ್ತದ" ಎಂದು ದೀಪಕ್ಕೆ ಮುಸುಕು ಹಾಕಿಬಿಟ್ಟಳು. ಸ್ವಾಮಿಗಳಿಗೂ ಸಿಗದ ಮರ್ಯಾದೆ ಒಂದು ಬಲ್ಬಿಗೆ ಸಿಕ್ಕಿತು.

ದೀಪ ತಂದವನು ಕಿರಿಯ ಮಗ ಜಗದೇವಪ್ಪ, ಆಳಂದದ ಹೈಸ್ಕೂಲಿನಲ್ಲಿ ಮಾಸ್ತರ. ತರಿಸಿದವಳು ಅವನ ಹೆಂಡತಿ ಕಸ್ತೂರಿಬಾಯಿ. ಮದುವೆಯಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಸೊಲ್ಲಾಪುರದಲ್ಲಿ ಹುಟ್ಟಿ ಬೆಳೆದ ಹುಡುಗಿ, ಮ್ಯಾಟ್ರಿಕ್ ಪಾಸು. ಅವಳ ತವರಿನಲ್ಲಿ ಯಾರಿಗೋ ಸೊಂಟನೋವು ಇದೇ ದೀಪದಿಂದ ಇಳಿದಿತ್ತಂತೆ. ಆ "ಅಂತೆ"ಯನ್ನು ಸುಭದ್ರಾಬಾಯಿ ಆರು ತಿಂಗಳಿಂದ ಕೇಳುತ್ತಲೇ ಇದ್ದಳು.

ಹಿರಿಯ ಸೊಸೆ ಅವಳು. ಗಂಡ ನಾಗಣ್ಣ ಹೊಲ ನೋಡಿಕೊಂಡರೆ ಇವಳು ಮನೆ ನೋಡಿಕೊಳ್ಳುತ್ತಿದ್ದಳು, ಮನೆಗಿಂತ ಹೆಚ್ಚಾಗಿ ಅತ್ತೆಯ ಮೊಣಕಾಲು. ಹದಿನೆಂಟು ವರ್ಷದಿಂದ ದಿನಾ ಮಧ್ಯಾಹ್ನ ಒಲೆಯ ಬೂದಿಯಲ್ಲಿ ಇಟ್ಟಿಗೆ ಕಾಯಿಸಿ, ಹಳೆಯ ಧೋತರದಲ್ಲಿ ಸುತ್ತಿ, ಮೊದಲು ತನ್ನ ಕೆನ್ನೆಗೆ ಒತ್ತಿ ನೋಡಿ, ಆಮೇಲೆ ಅತ್ತೆಯ ಮೊಣಕಾಲಿಗೆ ಇಡುವುದು. ಆ ಹೊತ್ತಿಗೆ ಶಾರದಾಬಾಯಿ ಬಾಯಿ ಬಿಚ್ಚುತ್ತಿದ್ದಳು. ಯಾರ ಮನೆಯ ಸಂಬಂಧ ಮುರಿಯಿತು, ಯಾವ ಬೀಗರು ಬಂಗಾರ ಕಡಿಮೆ ಹಾಕಿದರು, ತೀರಿಕೊಂಡ ಮಾವ ಸಿಟ್ಟಿನಲ್ಲಿ ಊಟದ ತಾಟು ಎಸೆದು ಆಮೇಲೆ ತಾನೇ ತಾಟು ಆರಿಸಿದ್ದು ಎಲ್ಲವೂ ಆ ಇಟ್ಟಿಗೆ ಆರುವತನಕ ಬರುತ್ತಿದ್ದ ಮಾತು. ಊರಿಗೆಲ್ಲ ಬಿರುಸಿನ ಹೆಂಗಸಾದ ಅತ್ತೆ ಆ ಅರ್ಧ ತಾಸು ಈ ಸೊಸೆಯೊಬ್ಬಳಿಗೇ ಸೇರಿದವಳು.

ಈಗ ಆ ಅರ್ಧ ತಾಸಿಗೆ ಕೆಂಪು ಬಣ್ಣ ಬಂತು.

ಕಸ್ತೂರಿಬಾಯಿಯದು ಎಲ್ಲ ಅಳತೆಯ ಕೆಲಸ. ದೀಪದ ಜೊತೆ ಬಂದ ಇಂಗ್ಲಿಷ್ ಕಾಗದವನ್ನು ಗಂಡನಿಂದ ಓದಿಸಿ ಬಾಯಿಪಾಠ ಮಾಡಿಕೊಂಡಿದ್ದಳು. ಒಂದು ಜೋಳದ ದಂಟು ತಂದು ಒಂದೂವರೆ ಮೊಳಕ್ಕೆ ಕತ್ತರಿಸಿದಳು. ದೀಪಕ್ಕೂ ಕಾಲಿಗೂ ನಡುವೆ ಅದು ಸರಿಯಾಗಿ ಹಿಡಿಯಬೇಕು. ಗೋಡೆಯ ಗಡಿಯಾರ ನೋಡಿ ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು. ಕಾಲಿಗೆ ಎಣ್ಣೆ ಹಚ್ಚಿದ್ದರೆ ಮೊದಲು ಒರೆಸಬೇಕು, ಕಾಲುಂಗುರ ತೆಗೆಯಬೇಕು, ದೀಪವನ್ನು ನೆಟ್ಟ ನೋಟದಿಂದ ನೋಡಬಾರದು, ನಿದ್ದೆ ಹೋಗಬಾರದು. ದೀಪ ಆರಿಸಿದ ಮೇಲೆ ತಣ್ಣಗಾಗುವವರೆಗೆ ಆ ಕಸೂತಿ ಬಟ್ಟೆ ಕೂಡ ಹೊದಿಸಬಾರದು. ಮತ್ತೆ ಮತ್ತೆ ಬಗ್ಗಿ ಕೇಳುತ್ತಿದ್ದಳು.

"ಬಿಸಿ ಆಯ್ತೇನ್ರಿ ಅತ್ತೀ?"

"ಇಲ್ಲ ಬಿಡು. ಹಿತಾ ಅದ."

ಅತ್ತೆಯ ಬಾಯಿಂದ "ಹಿತಾ ಅದ" ಎಂಬ ಮಾತು ಹದಿನೆಂಟು ವರ್ಷದಲ್ಲಿ ಇಟ್ಟಿಗೆಗೆ ಒಮ್ಮೆಯೂ ಬಿದ್ದಿರಲಿಲ್ಲ. ಸುಭದ್ರಾಬಾಯಿ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದವಳು ಆ ಮಾತು ಕೇಳಿ ಎಷ್ಟು ಜೋರಾಗಿ ತಟ್ಟಿದಳೆಂದರೆ ನಾದುವ ಕೊಮ್ಮಣಿಗೆಯ ಹಿಟ್ಟು ಒಲೆಯೊಳಗೆ ಹಾರಿತು. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಯಲ್ಲೇ ಆಗುತ್ತದೆ ಎಂದು ಅವಳಿಗೆ ಗೊತ್ತಾದದ್ದು ಆ ದಿನಗಳಲ್ಲಿ. ಉಂಡದ್ದು ಅರಗುತ್ತಿರಲಿಲ್ಲ.

ಓಣಿಯ ಹೆಂಗಸರೂ ಸುಮ್ಮನಿರುವ ಪೈಕಿಯಲ್ಲ. ದೀಪ ನೋಡಲು ಬರುವುದು, ಕಸ್ತೂರಿಬಾಯಿಯ ಗಲ್ಲ ಮುಟ್ಟಿ ದೃಷ್ಟಿ ತಾಗದಿರಲೆಂದು ಲಟಿಕೆ ಮುರಿಯುವುದು. ಎದುರು ಮನೆಯ ಗೌರಾಬಾಯಿಯಂತೂ ಸುಭದ್ರಾಬಾಯಿಗೆ ಕೇಳುವ ಹಾಗೆಯೇ ಅಂದಳು: "ನಸೀಬ ಬೇಕು ನೋಡ್ರಿ ಶಾರದಾಬಾಯಿ, ಇಂಥಾ ಸೊಸಿ ಸಿಗಾಕ."

"ಹೌದ ಬಿಡ," ಎಂದಳು ಅತ್ತೆ.

ಆದರೆ ಸುಭದ್ರಾಬಾಯಿಯ ಹತ್ತಿರ ಒಂದು ವಸ್ತು ಉಳಿದಿತ್ತು. ಕಸ್ತೂರಿಬಾಯಿಗೆ ಯಾವ ಕಾಗದವೂ ಹೇಳಿಕೊಡದ ವಸ್ತು. ಎರಡು ವರ್ಷದ ಹಿಂದೆ ಅತ್ತೆಯ ಕಾಲು ತೊಳೆಯುವಾಗ ಎಡ ಹಿಮ್ಮಡಿಯಲ್ಲಿ ಜಾಲಿಮುಳ್ಳು ಕಂಡಿತ್ತು, ಅರ್ಧ ಬೆರಳಿನಷ್ಟು ಒಳಗೆ ಹೋದದ್ದು. ಅತ್ತೆ ಅದರ ಮೇಲೇ ಎರಡು ದಿನ ನಡೆದಾಡಿದ್ದಳು. ಸುಭದ್ರಾಬಾಯಿ ಅಂಜಿ ಕಾಲು ಚಿವುಟಿ ನೋಡಿದಳು, ಹಿಮ್ಮಡಿ, ಮೀನಖಂಡ, ಮೊಣಕಾಲ ಕೆಳಗಿನ ಎಲುಬು. ಅತ್ತೆ ಬೇರೆ ಕಡೆ ನೋಡುತ್ತ ಮಾತಾಡುತ್ತಲೇ ಇದ್ದಳು. ಸಕ್ಕರೆ ಕಾಯಿಲೆ ಕಾಲಿನ ಅರಿವನ್ನೇ ತಿಂದು ಹಾಕಿತ್ತು. ನೋವೆಲ್ಲ ಮೊಣಕಾಲ ಚಿಪ್ಪಿನಲ್ಲಿ. ಅದರ ಕೆಳಗೆ ಕಾಲು ಇದ್ದೂ ಇಲ್ಲ.

"ಯಾರ ಮುಂದೂ ಆಡಬ್ಯಾಡ," ಎಂದಿದ್ದಳು ಶಾರದಾಬಾಯಿ. ಆ ಬಿರುಸಿನ ಹೆಂಗಸು ಸೊಸೆಯ ಸೆರಗು ಹಿಡಿದುಕೊಂಡಿದ್ದಳು. "ಎದುರುಮನಿ ಗೌರಿ ಗಂಡ ಖಂಡಪ್ಪಂದು ಹಿಂಗೇ ಆಗಿತ್ತು. ದವಾಖಾನಿಗೆ ಒಯ್ದು ಕಾಲೇ ತಗದ್ರು. ಲಿಂಗ ಮುಟ್ಟಿ ಆಣಿ ಮಾಡು."

ಸುಭದ್ರಾಬಾಯಿ ಇಷ್ಟಲಿಂಗವಿದ್ದ ಕೊರಳಿನ ಬೆಳ್ಳಿಯ ಕರಡಿಗೆಯನ್ನು ಅಂಗೈಯಲ್ಲಿ ಹಿಡಿದು ಆಣೆ ಮಾಡಿದ್ದಳು. ಅಂದಿನಿಂದ ಇಟ್ಟಿಗೆಯನ್ನು ಕೆನ್ನೆಗೆ ಒತ್ತುವುದು ಬಿಟ್ಟು ಒಳಮಣಿಕಟ್ಟಿಗೆ ಎಣಿಸಿ ಹತ್ತು ಸಲ ಒತ್ತಿ ನೋಡುತ್ತಿದ್ದಳು. ಗಂಡನಿಗೂ ಹೇಳಿರಲಿಲ್ಲ. ಮನೆಯಲ್ಲಿ ಎಲ್ಲರದೂ ಎಲ್ಲ ಇತ್ತು. ಇದೊಂದು ಗುಟ್ಟು ಮಾತ್ರ ಅವಳದು. ಅದನ್ನು ಕಸ್ತೂರಿಬಾಯಿಯ ಉಡಿಗೆ ಹಾಕಿದರೆ ತನಗೆ ಏನು ಉಳಿಯಿತು? ಹಾಗೆ ಯೋಚಿಸಿದಾಗಲೆಲ್ಲ ಆಣೆಯ ನೆನಪು ಬಹಳ ಅನುಕೂಲವಾಗಿ ಬರುತ್ತಿತ್ತು.

ಮೊದಲ ಒಂದು ತಿಂಗಳು ಏನೂ ಆಗಲಿಲ್ಲ, ಯಾಕೆಂದರೆ ಊರಿನಲ್ಲಿ ಕರೆಂಟೇ ಇರಲಿಲ್ಲ ಎನ್ನಬೇಕು. ಇದ್ದರೂ ಇಲ್ಲದ ಹಾಗೆ. ಚಳಿಗಾಲ ಬಂತೆಂದರೆ ಕಬ್ಬಿಗೆ, ಗೋಧಿಗೆ ಎಲ್ಲರ ಪಂಪು ಒಟ್ಟಿಗೇ ಸುರುವಾಗಿ ಮನೆಯ ಬಲ್ಬುಗಳು ಕೆಂಪಗೆ ಮಿಣಮಿಣ ಎನ್ನುತ್ತಿದ್ದವು. ಸೊಲ್ಲಾಪುರದ ದೀಪವೂ ಬೂದಿ ಮುಚ್ಚಿದ ಕೆಂಡದಂತೆ ಮಂಕಾಯಿತು.

"ಇದೇನ ಬೇ, ಶಾಖ ಹತ್ರನ ಬರವಲ್ಲದು," ಎಂದು ಶಾರದಾಬಾಯಿ ಒಂದು ದಿನ ಆ ಜೋಳದ ದಂಟನ್ನು ಕಸಿದುಕೊಂಡು ಒಂದು ಗೆಣ್ಣು ಮುರಿದಳು. ಮರುವಾರ ಇನ್ನೊಂದು. ಕಸ್ತೂರಿಬಾಯಿ ಮೊದಮೊದಲು ಬೇಡವೆಂದಳು. ಆದರೆ ಅತ್ತೆ ಹಿರಿಯಳು, ಬಿಸಿಯಂತೂ ಆಗುತ್ತಿರಲಿಲ್ಲ, ಕೇಳಿದರೆ "ಇಲ್ಲ" ಎನ್ನುತ್ತಿದ್ದಳು. ದೀಪ ಎರಡು ಗೆಣ್ಣು ಹತ್ತಿರ ಬಂತು. ಸುಭದ್ರಾಬಾಯಿ ಬಾಗಿಲ ಸಂದಿಯಿಂದ ಅದನ್ನೂ ನೋಡಿದಳು, ನೋಡಿ ಅಕ್ಕಿ ಆರಿಸಲು ಕೂತಳು.

ಎಳ್ಳ ಅಮಾಸೆ ಬಂತು. ಅಂದು ಊರಿಗೆ ಊರೇ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಭಜ್ಜಿ, ಸಜ್ಜೆರೊಟ್ಟಿ, ಕಡುಬು, ಅಂಬಲಿ ಹೊತ್ತುಕೊಂಡು ಹೋಗಿ, ಬೆಳೆಯ ನಡುವೆ ಐದು ಕಲ್ಲು ಪೂಜಿಸಿ, ಹೊಲದ ತುಂಬ ನೈವೇದ್ಯದ ಚರಗ ಚೆಲ್ಲಿ, ಕಂಬಳಿಯ ಮೇಲೆ ಕೂತು ಉಣ್ಣುವುದು. ಅತ್ತೆಗೆ ಮೊಣಕಾಲು ಹಿಡಿದಂದಿನಿಂದ ಆ ದಿನ ಅವಳ ಜೊತೆ ಮನೆಯಲ್ಲಿ ಉಳಿಯುವವಳು ಸುಭದ್ರಾಬಾಯಿ. ಇಬ್ಬರೂ ಪಡಸಾಲೆಯಲ್ಲಿ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಅತ್ತೆ ಕಡುಬಿನ ಹೂರಣ ತಾನು ತಿನ್ನದೆ ಸೊಸೆಯ ಕಡೆ ಸರಿಸುತ್ತಿದ್ದಳು.

ನಸುಕಿನಲ್ಲೇ ಎದ್ದು ಸುಭದ್ರಾಬಾಯಿ ಅಡುಗೆಮನೆಯ ಗುಂಡಿ ಒತ್ತಿದಳು. ಬಲ್ಬು ಬೆಳ್ಳಗೆ, ಕಣ್ಣು ಕುಕ್ಕುವಂತೆ ಹತ್ತಿಕೊಂಡಿತು. ಅವಳು ಒಂದು ಕ್ಷಣ ಹಾಗೇ ನಿಂತಳು. ಇವತ್ತು ಯಾರೂ ಪಂಪು ಚಾಲೂ ಮಾಡುವುದಿಲ್ಲ. ಊರಿನ ಕರೆಂಟೆಲ್ಲ ಮನೆಗಳಿಗೇ. ಕಡುಬು ಕರಿಯುತ್ತ ಅವಳು ಆ ಬಲ್ಬನ್ನು ನಾಲ್ಕಾರು ಸಲ ನೋಡಿದಳು. ಮನೆಯಲ್ಲೇ ಇರುತ್ತೇನಲ್ಲ, ನೋಡಿಕೊಂಡರಾಯಿತು ಎಂದುಕೊಂಡಳು.

ಗಾಡಿ ಹೂಡಿದಾಗ ಶಾರದಾಬಾಯಿ ಒಳಗಿನಿಂದ ಕೂಗಿದಳು.

"ಸುಭದ್ರಾ, ಈ ಸಲ ನೀ ಹೋಗು. ನನ್ನ ಕೂಡ ಕಸ್ತೂರಿ ಇರ್ತಾಳ. ದೀಪ ಹಚ್ಚಬೇಕಲ್ಲ."

"ನಾ ಹಮೇಶಾ ಇರ್ತೇನಲ್ರಿ ಅತ್ತೀ."

"ಹಮೇಶಾ ಇದ್ದೀ ಅಂತನೇ ಹೋಗು ಅಂದೆ. ನಿನಗ ಆ ದೀಪದ್ದು ಏನ ತಿಳಿತದ?"

ಏನ ತಿಳಿತದ! ಸುಭದ್ರಾಬಾಯಿಯ ಮುಖ ಕಾದ ಹಂಚಾಯಿತು. ಕಸ್ತೂರಿಬಾಯಿ ಬುಟ್ಟಿ ಎತ್ತಿಕೊಡಲು ಬಂದು, "ಅಕ್ಕಾ, ಇನ್ನೇನರೆ ಹೇಳೂದು ಅದೇನ್ರಿ?" ಎಂದಳು. ಅತ್ತೆಗೆ ಎಷ್ಟು ಹೊತ್ತಿಗೆ ಗುಳಿಗೆ, ಎಷ್ಟು ಹೊತ್ತಿಗೆ ಊಟ ಎಂದು ಕೇಳಲು ಬಂದವಳು. ಸೊಲ್ಲಾಪುರದ ಹುಡುಗಿಗೆ ಬೆಳ್ಳಗೆ ಉರಿಯುವ ಬಲ್ಬು ದಿನದ ಮಾತು. ಇವತ್ತು ದೀಪ ಹೆಚ್ಚು ಸುಡಬಹುದೆಂಬುದು ಅವಳ ಮನಸ್ಸಿಗೆ ಬಂದಿರಲೇ ಇಲ್ಲ.

"ಓದಿದಾಕಿ ನೀನು. ನಾ ಏನ ಹೇಳ್ಲಿ?" ಎಂದು ಸುಭದ್ರಾಬಾಯಿ ಗಾಡಿ ಹತ್ತಿದಳು.

ಹೊಲದಲ್ಲಿ ಜೋಳ ಎದೆಯೆತ್ತರ ನಿಂತಿತ್ತು. ನಾಗಣ್ಣ ಖುಷಿಯಲ್ಲಿ ಚರಗ ಚೆಲ್ಲುತ್ತ ಹೋದ, ಹಿಂದೆ ನೀರು ಹಾಕುತ್ತ ಜಗದೇವಪ್ಪ. ಸುಭದ್ರಾಬಾಯಿ ಕಲ್ಲಿಗೆ ಅರಿಸಿನ ಹಚ್ಚಿದಳು, ಎಲ್ಲರಿಗೂ ಬಡಿಸಿದಳು. ತಾನು ಉಣ್ಣಲು ಕೂತಳು. ಮೊದಲ ತುತ್ತು ಮತ್ತೆ ತಾಟಿಗಿಟ್ಟಳು. ಕಣ್ಣೆದುರು ಜೋಳದ ದಂಟುಗಳೇ, ಸಾಲು ಸಾಲಾಗಿ, ಗೆಣ್ಣು ಗೆಣ್ಣಾಗಿ. ಈಗ ಅತ್ತೆಯ ಊಟ ಆಗಿರುತ್ತದೆ. ಈಗ ಕಾಲುಂಗುರ ತೆಗೆಯುತ್ತಿರುತ್ತಾಳೆ. "ಬಿಸಿ ಆಯ್ತೇನ್ರಿ?" "ಇಲ್ಲ."

"ತಲಿ ಸಿಡಿಯಾಕತ್ತದ, ಮನಿಗೆ ಹೋಗ್ತೇನಿ," ಎಂದು ಎದ್ದಳು.

"ಗಾಡಿ ಹೂಡ್ಲೇನು?" ಎಂದ ನಾಗಣ್ಣ.

ಅವಳು ಆಗಲೇ ಬದು ದಾಟಿದ್ದಳು. ಎರಡು ಮೈಲಿ ದಾರಿ. ಸೀರೆಯ ನಿರಿಗೆ ಎತ್ತಿ ಕಟ್ಟಿ ಅರ್ಧ ನಡೆದಳು, ಅರ್ಧ ಓಡಿದಳು. ದಾರಿಯುದ್ದಕ್ಕೂ ಒಂದೇ ಬೇಡಿಕೆ, ಕರೆಂಟು ಹೋಗಿರಲಿ ಎಂದು.

ಕರೆಂಟು ಹೋಗಿರಲಿಲ್ಲ. ಪಡಸಾಲೆಗೆ ಕಾಲಿಟ್ಟಾಗ ದೀಪ ಆರಿತ್ತು, ಕಸ್ತೂರಿಬಾಯಿ ನೆಲಕ್ಕೆ ಕೂತು ಬಿಕ್ಕುತ್ತಿದ್ದಳು. ಶಾರದಾಬಾಯಿಯ ಎಡ ಮೊಣಕಾಲ ಕೆಳಗೆ ಅಂಗೈ ಅಗಲ ಚರ್ಮ ಕೆಂಪಾಗಿ, ನಡುವೆ ನೀರುಗುಳ್ಳೆ ಎದ್ದಿತ್ತು. ಅತ್ತೆ ಮಾತ್ರ ಅದು ಯಾರದೋ ಕಾಲು ಎಂಬಂತೆ ನೋಡುತ್ತ ಕೂತಿದ್ದಳು.

"ಅಕ್ಕಾ, ಹತ್ತೇ ನಿಮಿಷ ರೀ. ಮೂರು ಸಲ ಕೇಳಿದ್ದೆ. ಬಿಸಿ ಇಲ್ಲ ಅಂದ್ರು."

ಸುಭದ್ರಾಬಾಯಿ ತಣ್ಣೀರು ತಂದು ಕಾಲ ಮೇಲೆ ಸುರಿಯುತ್ತ ಕೂತಳು, ಕೊಡ ಮುಗಿದರೆ ಇನ್ನೊಂದು ಕೊಡ.

ಮರುದಿನ ಆಳಂದಕ್ಕೆ ಒಯ್ದರು. ಜೀಪಿನಲ್ಲಿ ದಾರಿಯುದ್ದಕ್ಕೂ ಜಗದೇವಪ್ಪ ಹೆಂಡತಿಯನ್ನು ಬೈದ. "ಓದಿದಾಕಿ ಅಂತ ನಂಬಿದ್ದೆ. ನಮ್ಮವ್ವನ ಕಾಲ ಸುಟ್ಟಿಯಲ್ಲ!" ಕಸ್ತೂರಿಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಅತ್ತೆ ಸೊಲ್ಲೆತ್ತಲಿಲ್ಲ. ಆರು ತಿಂಗಳಿಂದ ಸುಭದ್ರಾಬಾಯಿ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ಚಿತ್ರ ಹೆಚ್ಚುಕಡಿಮೆ ಇದೇ. ಈಗ ಅದು ಎದುರು ಕೂತಿತ್ತು, ನೋಡಲಾಗಲಿಲ್ಲ.

ಡಾಕ್ಟರ್ ಶರಫುದ್ದೀನ ವಯಸ್ಸಾದ ಮನುಷ್ಯ, ಮೆತ್ತಗಿನ ಮಾತು. ಗಾಯ ತೊಳೆದು ಮುಲಾಮು ಹಚ್ಚಿ, ಒಂದು ಟಾಚಣಿ ಪಿನ್ನು ಕೈಗೆ ತೆಗೆದುಕೊಂಡರು.

"ಅಮ್ಮಾ, ಕಣ್ಣ ಮುಚ್ಚರಿ. ಮುಟ್ಟಿದ್ದು ತಿಳಿದ್ರ ಹೇಳ್ರಿ."

"ತಿಳಿತದ," ಎಂದಳು ಶಾರದಾಬಾಯಿ ಕಣ್ಣು ಮುಚ್ಚಿ. ಡಾಕ್ಟರು ಇನ್ನೂ ಮುಟ್ಟಿರಲಿಲ್ಲ.

ಡಾಕ್ಟರು ನಕ್ಕರು, ಆಮೇಲೆ ನಗು ನಿಲ್ಲಿಸಿದರು. "ಈ ಕಾಲಿಗೆ ಅರಿವು ಇಲ್ಲ. ಇಂಥವ್ರು ಬಿಸಿ ಇಲ್ಲ ಅಂದ್ರ ಅದು ಬಿಸಿ ಇಲ್ಲ ಅಂತಲ್ಲ. ದೀಪ ಅಷ್ಟೇ ಅಲ್ಲ, ಈ ಕಾಲಿಗೆ ಯಾವ ಶಾಖಾನೂ ಇನ್ನ ಮುಂದ ಕೊಡಬ್ಯಾಡ್ರಿ. ಗಾಯ ಮಾಯ್ತದ, ಟೈಮಿಗೆ ಬಂದೀರಿ. ಆದ್ರ ಮನ್ಯಾಗ ಯಾರಿಗೂ ಇದು ಗೊತ್ತಿದ್ದಿಲ್ಲೇನು?"

ಶಾರದಾಬಾಯಿ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ಕಸ್ತೂರಿಬಾಯಿ ತಲೆ ಎತ್ತಿರಲಿಲ್ಲ.

"ನನಗ ಗೊತ್ತಿತ್ತು ರೀ," ಎಂದಳು ಸುಭದ್ರಾಬಾಯಿ.

ನಾಗಣ್ಣ ಹೆಂಡತಿಯ ಕಡೆ ತಿರುಗಿದ. ಅವನು ಬಾಯಿ ತೆರೆಯುವ ಮೊದಲೇ ಶಾರದಾಬಾಯಿ ಕೈ ಅಡ್ಡ ಹಿಡಿದಳು. "ಆಕಿಗೆ ಏನೂ ಅನಬ್ಯಾಡ. ಲಿಂಗ ಮುಟ್ಟಿಸಿ ಆಣಿ ಹಾಕ್ಸಿದ್ದೆ ನಾನು. ಸತ್ತರೂ ಬಾಯಿ ಬಿಡಾಕಿ ಅಲ್ಲ ಅದು."

ಅಷ್ಟು ಸಾಕಾಯಿತು. ಬಯ್ಯಬೇಕಾದವರೆಲ್ಲ ಹೊಗಳಲು ಸುರು ಮಾಡಿದರು. ನಾಗಣ್ಣ ಜೀಪಿನಲ್ಲಿ ಹೆಂಡತಿಗೆ ಕಿಟಕಿಯ ಬದಿಯ ಜಾಗ ಬಿಟ್ಟುಕೊಟ್ಟ. ಊರಿಗೆ ಬಂದರೆ ಗೌರಾಬಾಯಿ ಬಾಗಿಲಲ್ಲೇ ನಿಂತು, "ಆಣಿ ಅಂದ್ರ ಹಿಂಗ ಇರಬೇಕು ನೋಡವ್ವಾ," ಎಂದು ಈ ಸಲ ಸುಭದ್ರಾಬಾಯಿಯ ಗಲ್ಲಕ್ಕೆ ಲಟಿಕೆ ಮುರಿದಳು. ಅತ್ತೆ ಅವಳ ಕೈ ಹಿಡಿದುಕೊಂಡು, "ನಾಳಿಂದ ನೀನೇ ನನ್ನ ಹತ್ರ ಕೂಡು," ಎಂದಳು. ಬೇಕು ಬೇಕೆಂದು ಹಂಬಲಿಸಿದ್ದೆಲ್ಲ ಒಂದೇ ದಿನದಲ್ಲಿ ಮಡಿಲಿಗೆ ಬಂದು ಬಿದ್ದಿತ್ತು. ಇಟ್ಟಿಗೆಯೊಂದನ್ನು ಬಿಟ್ಟು, ಅದನ್ನಂತೂ ಡಾಕ್ಟರು ಬೇಡ ಎಂದಿದ್ದರಲ್ಲ.

ಸಂಜೆ ಕಸ್ತೂರಿಬಾಯಿ ಹಿತ್ತಲಿಗೆ ಚಹಾ ತಂದಳು. ಅತ್ತು ಅತ್ತು ಕಣ್ಣು ಬಾತಿದ್ದವು.

"ತಗೋರಿ ಅಕ್ಕಾ. ಮುಂಜಾನಿಂದ ಏನೂ ತಿಂದಿಲ್ಲ ನೀವು." ಪಕ್ಕದಲ್ಲಿ ಕೂತು ಮತ್ತೆ ಅಂದಳು: "ಆಣಿ ಇದ್ದಾಗ ನೀವಾದ್ರೂ ಏನ ಮಾಡ್ತಿದ್ರಿ?"

ಹೊಗಳಿಕೆಯನ್ನೆಲ್ಲ ತಡೆದುಕೊಂಡಿದ್ದಳು. ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಬೈದಿದ್ದರೆ ತಿರುಗಿ ಬೈಯುತ್ತಿದ್ದಳು. ಸುಭದ್ರಾಬಾಯಿ ಕಪ್ಪುಬಸಿ ಕೆಳಗಿಟ್ಟಳು.

"ಆಣಿ ಅಲ್ಲ ಬೇ."

"ಆಂ?"

"ನಿನ್ನಿ ನಸಿಕಿನ್ಯಾಗ ಬಲ್ಬು ಬೆಳ್ಳಗ ಉರಿಯೂದು ನೋಡಿದ್ದೆ. ದಂಟು ಎರಡು ಗೆಣ್ಣು ಮುರದಿದ್ದೂ ನೋಡಿದ್ದೆ. ಇವತ್ತ ಕರೆಂಟ್ ಜೋರದ, ದೀಪ ದೂರ ಇಡು ಅಂತ ಒಂದ ಮಾತು ಅಂದಿದ್ರ ಯಾವ ಆಣಿ ಮುರಿತಿತ್ತು? ನೀ ಕೇಳ್ದಿ. ಇನ್ನೇನರೆ ಹೇಳೂದು ಅದೇನ್ರಿ ಅಂತ ಬಾಯಿ ಬಿಟ್ಟು ಕೇಳ್ದಿ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನನಗ ಹೊಟ್ಟಿಕಿಚ್ಚಾಗಿತ್ತು, ಕಸ್ತೂರಿ. ನಿನ್ನ ಹೆಸರು ಕೆಡಲಿ ಅನಿಸಿತ್ತು. ಕಾಲು ಸುಡ್ತದ ಅಂತ ಗೊತ್ತಿದ್ದೂ ಗಾಡಿ ಹತ್ತಿದೆ."

ಕಸ್ತೂರಿಬಾಯಿ ಚಹಾದ ಕಪ್ಪು ಎತ್ತಿಕೊಂಡು, ಕುಡಿಯದ ಚಹಾ ಗಿಡದ ಬುಡಕ್ಕೆ ಚೆಲ್ಲಿ ಒಳಗೆ ಹೋದಳು.

ಅವಳು ಯಾರಿಗೂ ಹೇಳಲಿಲ್ಲ. ಅದೇ ಸುಭದ್ರಾಬಾಯಿಗೆ ಹೆಚ್ಚು ಕಷ್ಟವಾಯಿತು. ಅಂದಿನಿಂದ "ಅಕ್ಕಾ" ಎಂಬ ಮಾತು ಮನೆಯಲ್ಲಿ ನಿಂತುಹೋಯಿತು. ದಿನಾ ಮುಂಜಾನೆ ಇಬ್ಬರೂ ಕೂಡಿ ಅತ್ತೆಯ ಗಾಯ ತೊಳೆಯುತ್ತಿದ್ದರು. ಒಬ್ಬಳು ನೀರು ಹಾಕಿದರೆ ಇನ್ನೊಬ್ಬಳು ಪಟ್ಟಿ ಕಟ್ಟುವಳು. "ಕತ್ತರಿ ಕೊಡ್ರಿ", "ಪಟ್ಟಿ ಅರಿವಿ ಎಲ್ಲದ?" ಇಷ್ಟೇ ಮಾತು. ಕೆಂಪು ದೀಪ ಮೂಲೆಯಲ್ಲಿ ಕಸೂತಿ ಬಟ್ಟೆ ಹೊದ್ದು ಮುಖ ಮುಚ್ಚಿಕೊಂಡು ನಿಂತಿತ್ತು. ಗಾಯ ನಿಧಾನವಾಗಿ ಮಾಯಿತು.

ಶಿವರಾತ್ರಿಗೆ ನಾಲ್ಕು ದಿನ ಇರುವಾಗ ಸುಭದ್ರಾಬಾಯಿಯ ಬಲ ಭುಜ ಹಿಡಿಯಿತು. ಎಷ್ಟೋ ವರ್ಷ ನೀರಿನ ಕೊಡ ಹೊತ್ತ ಭುಜ. ಗೋಡೆಯ ಹಲಗೆ ನಿಲುವಿನ ಮೇಲಿನ ಡಬ್ಬಿ ಇಳಿಸಲು ಹೋಗಿ ಕೈ ಅರ್ಧಕ್ಕೇ ನಿಂತಿತು, "ಯಪ್ಪಾ" ಎಂದು ಗೋಡೆಗೆ ಒರಗಿದಳು. ಕಸ್ತೂರಿಬಾಯಿ ಹಿಂದಿನಿಂದ ಬಂದು ಡಬ್ಬಿ ಇಳಿಸಿಟ್ಟು ಹೊರಗೆ ಹೋದಳು.

ಎರಡು ದಿನ ಬಿಟ್ಟು, ಮಧ್ಯಾಹ್ನ, ಅವಳು ಪಡಸಾಲೆಯಲ್ಲಿ ಕುರ್ಚಿ ಹಾಕಿದಳು. ದೀಪದ ಮುಸುಕು ತೆಗೆದಳು. ಅವಳ ಕೈಯಲ್ಲಿ ಹೊಸ ಜೋಳದ ದಂಟಿತ್ತು, ಪೂರ್ತಿ ಒಂದೂವರೆ ಮೊಳದ್ದು.

"ಕೂಡ್ರಿ. ಡಾಕ್ಟರಿಗೆ ಕೇಳಿಸೇನಿ. ಭುಜಕ್ಕ ನಡಿತದಂತ."

ಸುಭದ್ರಾಬಾಯಿ ಬೇಡವೆನ್ನಲು ಬಾಯಿ ತೆರೆದು, ಕೂತಳು. ಕಸ್ತೂರಿಬಾಯಿ ಒದ್ದೆ ಬಟ್ಟೆಯಿಂದ ಭುಜದ ಎಣ್ಣೆ ಒರೆಸಿ, ಒಣ ಬಟ್ಟೆಯಿಂದ ನೀರು ತೆಗೆದಳು.

"ಕರಡಿಗಿ ಕಾಯ್ತದ, ಬೆಳ್ಳಿ ಅದು."

ಸುಭದ್ರಾಬಾಯಿ ಶಿವದಾರ ತೆಗೆಯಲಿಲ್ಲ. ಕರಡಿಗೆಯನ್ನು ಎಡ ಅಂಗೈಗೆ ತಂದು ಬೆಳಕಿನಿಂದ ದೂರ, ಮಡಿಲಿನಲ್ಲಿ ಹಿಡಿದುಕೊಂಡಳು. ಆಣೆ ಮಾಡಿದಾಗಲೂ ಹೀಗೇ ಹಿಡಿದಿದ್ದಳು. ದೀಪ ಹತ್ತಿತು. ಮುಚ್ಚಿದ ಕಣ್ಣಿನ ಒಳಗೂ ಕೆಂಪಾಯಿತು. ಶಾಖ ಭುಜಕ್ಕೆ ತಾಗಿ ಎಲುಬಿನವರೆಗೆ ಇಳಿಯಿತು, ಹಿತವಾಗಿಯೇ ಇತ್ತು. ಅತ್ತೆ ಸುಳ್ಳು ಹೇಳಿರಲಿಲ್ಲ.

ಒಳಗಿನಿಂದ ಶಾರದಾಬಾಯಿ ಏನೋ ಕೇಳಿದಳು. ಕಸ್ತೂರಿಬಾಯಿ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಐದು ನಿಮಿಷಕ್ಕೆ ಶಾಖ ಏರಿತು. ಏಳಕ್ಕೆ ಚುರುಚುರು ಎನ್ನತೊಡಗಿತು.

"ಬಿಸಿ ಆಯ್ತೇನ್ರಿ?"

ಇಲ್ಲ ಅನ್ನಬೇಕು ಅನಿಸಿತು ಸುಭದ್ರಾಬಾಯಿಗೆ. ಸುಡಲಿ, ಒಂದು ಅಂಗೈ ಅಗಲ ನನ್ನದೂ ಸುಡಲಿ, ಲೆಕ್ಕ ಮುಗಿಯುತ್ತದೆ. ಅವಳು ಹಲ್ಲು ಕಚ್ಚಿ ಸುಮ್ಮನೆ ಕೂತಳು. ಆಗ ಭುಜದ ಪಕ್ಕಕ್ಕೆ ಇನ್ನೊಂದು ಮೈ ತಾಗಿತು. ಕಣ್ಣು ತೆರೆದು ನೋಡಿದರೆ ಕಸ್ತೂರಿಬಾಯಿ ತನ್ನ ಕೈಯನ್ನು ಅದೇ ಬೆಳಕಿನಲ್ಲಿ, ಅದೇ ಅಳತೆಗೆ, ಒಳಮಣಿಕಟ್ಟು ಮೇಲೆ ಮಾಡಿ ಹಿಡಿದಿದ್ದಳು.

"ನನಗಂತೂ ಬಿಸಿ ಆಗ್ಯದ," ಎಂದಳು. "ಖರೆ ಹೇಳ್ರಿ, ಅಕ್ಕಾ."

ಸುಭದ್ರಾಬಾಯಿಯ ಕಣ್ಣಿನಿಂದ ನೀರು ಇಳಿಯಿತು.

"ಸುಡಾಕತ್ತದ ಬೇ. ಜರಾ ಹಿಂದ ತಗೋ."

ಕಸ್ತೂರಿಬಾಯಿ ದೀಪವನ್ನು ಎರಡು ಗೆಣ್ಣು ಹಿಂದಕ್ಕೆ ಸರಿಸಿದಳು.